ನಾನು ರೆಸ್ಯೂಮ್ ಬರೆಸಿದ್ದು

ನಮ್ಮ ಕಡೆ ಬಯೋಡೇಟಾ ಅಂದರೆ ಒಂದೇ ಅರ್ಥ: ಮನೆಯಲ್ಲಿ ಲಗ್ನಕ್ಕೆ ಬಂದವರು ಇದ್ದಾರೆ. ಹಾಗಾಗಿ ನಲವತ್ತು ದಾಟಿದ ನಾನು ಒಂದು ಮುಂಜಾನೆ ಚಹಾ ಕೊಡುತ್ತಾ "ನನ್ನದೊಂದು ಬಯೋಡೇಟಾ ಮಾಡಿಸಬೇಕ್ರಿ" ಅಂದಾಗ ನಮ್ಮವರು ಬಸಿಗೆ ಸುರಿದುಕೊಂಡ ಚಹಾ ಹಾಗೇ ಹಿಡಿದು ಕೂತುಬಿಟ್ಟರು.

"ಯಾರಿಗೆ ತೋರ್ಸಾಕ?" ಅಂತ ಕೇಳಿದರು.

ಚಿಕ್ಕೋಡಿಯ ಒಂದು ಹೆಣ್ಣುಮಕ್ಕಳ ವಸತಿ ಕಾಲೇಜಿನವರು ಊಟದ ಮನೆ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕಿ ಬೇಕೆಂದು ಪೇಪರಿನಲ್ಲಿ ಹಾಕಿದ್ದರು. ಪದವಿ ಇರಬೇಕು, ಅನುಭವ ಇರಬೇಕು, ರೆಸ್ಯೂಮ್ ಕಳಿಸಬೇಕು. ನನ್ನ ಬಳಿ ಬಿ.ಎ. ಇತ್ತು. ಅದು ಟ್ರಂಕಿನಲ್ಲಿ ರೇಶ್ಮೆ ಸೀರೆಯ ಕೆಳಗೆ ಬೆಚ್ಚಗೆ ಮಲಗಿತ್ತು. ಅನುಭವ ಏಕಸಂಬಿಯ ನಮ್ಮ ಮನೆಯ ತುಂಬ ಇತ್ತು. ಇಲ್ಲದ್ದು ರೆಸ್ಯೂಮ್ ಒಂದೇ. ನೌಕರಿ ಯಾಕೆ ಬೇಕಿತ್ತು ಅಂತ ನೀವು ಕೇಳಿದರೆ ಹತ್ತು ಘನವಾದ ಕಾರಣ ಕೊಡಬಲ್ಲೆ. ನಿಮ್ಮಲ್ಲಿ ಮುಚ್ಚಿಡುವುದೇನು, ನಿಜವಾದ ಕಾರಣ ಬೇರೆ. ಇಷ್ಟು ವರ್ಷ ಅಡಿಗೆ ಮಾಡಿ ಬಡಿಸಿದರೂ ಆ ಮನೆಯಲ್ಲಿ ಒಬ್ಬರೂ "ಚಲೋ ಆಗೇತಿ" ಅಂದವರಿಲ್ಲ. ತಾಟು ಖಾಲಿ ಮಾಡಿ ಎದ್ದು ಹೋಗುತ್ತಾರೆ, ಅದನ್ನೇ ಹೊಗಳಿಕೆ ಅಂತ ತಿಳಿದುಕೊಳ್ಳಬೇಕು. ಪರರಾದರೂ ಏನನ್ನುತ್ತಾರೋ ಕೇಳೋಣ ಅನ್ನಿಸಿತ್ತು.

ನನ್ನ ಬಗ್ಗೆ ಹಿಂದೆ ಒಮ್ಮೆ ಮಾತ್ರ ಬಯೋಡೇಟಾ ಬರೆಯಲಾಗಿತ್ತು. ಬರೆದವರು ಅಥಣಿಯ ನಮ್ಮ ಸೋದರಮಾವ. ಅವರ ಕೈಯಲ್ಲಿ ನಾನು ಎರಡು ಇಂಚು ಬೆಳೆದಿದ್ದೆ, ಬಣ್ಣ ಒಂದು ಪದರ ತಿಳಿಯಾಗಿತ್ತು, ಹಾರ್ಮೋನಿಯಂ ಕೂಡ ಬರುತ್ತಿತ್ತು. ಮಾವನನ್ನು ಯಾಕೆ ಅನ್ನಬೇಕು? ಹಳೆಯ ಶಾಸನಗಳನ್ನು ನೋಡಿ. ನಾಲ್ಕು ಹಳ್ಳಿ ಆಳಿದ ಸಾಮಂತನ ಹೆಸರಿನ ಹಿಂದೆ ಹದಿನೈದು ಬಿರುದು ಮೆರವಣಿಗೆ ಹೊರಟಿರುತ್ತವೆ: ವೈರಿಗಳೆಂಬ ಆನೆಗಳಿಗೆ ಸಿಂಹ, ಶರಣಾದವರಿಗೆ ವಜ್ರದ ಪಂಜರ, ಹೆಂಗಳೆಯರಿಗೆ ಮನ್ಮಥ. ಆ ಸಾಮಂತ ಇದನ್ನೆಲ್ಲ ತಾನೇ ಬರೆದುಕೊಂಡಿರಲಿಕ್ಕಿಲ್ಲ. ಒಬ್ಬ ಕವಿಯನ್ನು ಹುಡುಕಿ ಬರೆಸಿರಬೇಕು. ಯಾವ ಕವಿ ಚಲೋ ಬರೀತಾನೆ, ಯಾರು ಬೇಗ ಮುಗಿಸಿ ಕೊಡ್ತಾನೆ ಅಂತ ಅವನೂ ನನ್ನಂತೆಯೇ ತಲೆ ಕೆಡಿಸಿಕೊಂಡಿರಬೇಕು ಅಂತ ನೆನೆದು ನನಗೆ ಸ್ವಲ್ಪ ಸಮಾಧಾನವಾಯಿತು.

ನಾನು ಮೊದಲು ಹಿಡಿದ ಕವಿ ರಿಯಾಜ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಅಂಗಡಿ. ಝೆರಾಕ್ಸ್, ಪಹಣಿ, ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರ್, ರೆಸ್ಯೂಮ್, ಮನುಷ್ಯನ ಜೀವನಕ್ಕೆ ಬೇಕಾದ ಕಾಗದವೆಲ್ಲ ಅಲ್ಲಿ ಸಿಗುತ್ತದೆ. ನಮ್ಮವರ ಗೆಳೆಯನಾದ್ದರಿಂದ ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಅನ್ನುತ್ತಾನೆ. "ಕೂಡ್ರಿ ವೈನಿ, ಚಹಾ ಬರೋದ್ರೊಳಗ ರೆಸ್ಯೂಮ್ ರೆಡಿ" ಅಂದ. ಹಾಗೇ ಆಯಿತು. ಓದಿ ನೋಡಿದರೆ ನನಗೆ ಕ್ರಿಕೆಟ್ ಆಡುವ ಹವ್ಯಾಸವಿತ್ತು, ಮೆಕ್ಯಾನಿಕಲ್ ಡಿಪ್ಲೊಮಾ ಆಗಿತ್ತು ಮತ್ತು ದ್ವಿಚಕ್ರ ವಾಹನದ ಲೈಸೆನ್ಸ್ ಇತ್ತು.

"ರಿಯಾಜಣ್ಣ, ಇದು ನಾನಲ್ಲ."

"ಫಾರ್ಮ್ಯಾಟ್ ರೀ ವೈನಿ. ಎಲ್ಲಾರಿಗೂ ಇದನ್ನ ಕೊಡತೇನಿ. ಇದರ ಮ್ಯಾಲ ಎಷ್ಟ್ ಮಂದಿ ನೌಕರಿ ಹಿಡದಾರ!"

ಹಿಡಿದವರಿಗೆಲ್ಲ ಕ್ರಿಕೆಟ್ ಬರುತ್ತಿತ್ತೋ ಏನೋ. ನಾನು ಚಹಾ ಕುಡಿದು ಎದ್ದು ಬಂದೆ.

ಎರಡನೆಯದು ಪುಣೆಯ ಒಂದು ಆನ್‌ಲೈನ್ ಕಂಪನಿ. ಸಿಲ್ವರ್, ಗೋಲ್ಡ್, ಪ್ಲಾಟಿನಮ್ ಅಂತ ಮೂರು ನಮೂನೆ ಇಟ್ಟಿದ್ದರು. ನಾನು ಸೀರೆ ಅಂಗಡಿಯ ಅಭ್ಯಾಸದಂತೆ ನಡುವಿನದಕ್ಕೆ ಕೈ ಹಾಕಿದೆ. ಒಬ್ಬ ಹುಡುಗಿ ಫೋನು ಮಾಡಿ ಬಹಳ ಗೌರವದಿಂದ ಮರಾಠಿಯಲ್ಲಿ ವಿಚಾರಿಸಿದಳು. ನನ್ನ ಕೈಕೆಳಗೆ ಎಷ್ಟು ಜನ ಇದ್ದಾರೆ ಅಂದಳು. ಕೈಕೆಳಗೆ ಯಾರೂ ಇಲ್ಲ, ತಲೆಯ ಮೇಲೆ ಅತ್ತೆ ಇದ್ದಾರೆ, ಹಿತ್ತಲಿನಲ್ಲಿ ಎರಡು ಎಮ್ಮೆ ಇವೆ, ಕಬ್ಬಿನ ಹಂಗಾಮಿನಲ್ಲಿ ಕಡಿಯಲು ಬಂದವರಿಗೂ ರೊಟ್ಟಿ ಹೋಗುತ್ತದೆ ಅಂದೆ. ಬೋರಗಾಂವದ ಬಸದಿಯ ಪೂಜೆಯಲ್ಲಿ ಅಡಿಗೆ ಸಂಭಾಳಿಸಿದ್ದನ್ನೂ ಹೇಳಹೊರಟೆ. "ಅದು ಧಾರ್ಮಿಕ ಆಯಿತು ಮ್ಯಾಮ್, ಬೇಡ" ಅಂತ ಮೆಲ್ಲಗೆ ತಡೆದಳು.

ವಾರ ತುಂಬುವುದರೊಳಗೆ ಬಂದ ರೆಸ್ಯೂಮ್ ಇಂಗ್ಲಿಷಿನಲ್ಲಿ ಝಗಮಗಿಸುತ್ತಿತ್ತು. ಅದರ ಪ್ರಕಾರ ನಾನು ಆಹಾರ ಕಾರ್ಯಾಚರಣೆಯ ತಂತ್ರಜ್ಞೆ. ಹಿರಿಯ ಪಾಲುದಾರರೊಂದಿಗೆ ದೀರ್ಘಕಾಲ ಸಂಧಾನ ನಡೆಸಿದ ಅನುಭವಿ. ಇದು ಅತ್ತೆ ಅಂತ ನನಗೆ ಎರಡನೇ ಸಲ ಓದಿದಾಗ ತಿಳಿಯಿತು. ಎಮ್ಮೆಗಳು ಡೇರಿ ಪೂರೈಕೆ ಸರಪಳಿಯಾಗಿದ್ದವು. ನಮ್ಮವರು ಕನ್ನಡಕ ಏರಿಸಿಕೊಂಡು ಪೂರಾ ಓದಿದರು.

"ಯಾರ ಇಕಿ? ನಮ್ಮ ಮನ್ಯಾಗ ಇದ್ದಾಳಂತ ನನಗ ಯಾರೂ ಹೇಳೇ ಇಲ್ಲಲಾ!"

ನಗು ಬಂತು, ಹೊಟ್ಟೆಯೂ ಉರಿಯಿತು. ಆ ಇಕಿಯ ಮೇಲೆ ನನಗೇ ಸವತಿ ಮತ್ಸರ ಹುಟ್ಟುವಂತಿತ್ತು. ಅವಳನ್ನು ಕಾಲೇಜಿನವರು ಸಂದರ್ಶನಕ್ಕೆ ಕರೆದರೆ ಬಾಯಿ ತೆರೆಯಬೇಕಾದವಳು ನಾನು. ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಪುಣೆಯ ರಾಣಿಯನ್ನು ಕಪಾಟಿನಲ್ಲಿಟ್ಟು ಮತ್ತೆ ರಿಯಾಜನ ಅಂಗಡಿಗೆ ಹೋದೆ. "ಫಾರ್ಮ್ಯಾಟ್ ತಗೀರಿ. ನಾ ಹೇಳತೀನಿ, ನೀವು ಟೈಪ್ ಮಾಡ್ರಿ" ಅಂದೆ.

ಅಂಗಡಿಯಲ್ಲಿ ಗದ್ದಲವಿತ್ತು. ಹೆಸರು, ಊರು, ಬಿ.ಎ. ಅಂತ ನಾನು ಸಣ್ಣ ದನಿಯಲ್ಲೇ ಹೇಳುತ್ತಿದ್ದೆ. ಅನುಭವಕ್ಕೆ ಬಂದಾಗ "ಅಡಿಗಿ" ಅಂತ ಒಂದೇ ಮಾತು ಬರೆಸಿದೆ. ಆಗ ಪಕ್ಕದ ಕುರ್ಚಿಯಿಂದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಬೋರಗಾಂವದ ಕುಸುಮಕ್ಕ. ಮಗನ ಲಗ್ನಪತ್ರಿಕೆ ಮಾಡಿಸಲು ಬಂದಿದ್ದಳು.

"ನೀವು ಪೂಜಾದಾಗ ಅಡಿಗಿ ಮಾಡಿಸಿದವರಲ್ಲರಿ?" ಅಂದವಳೇ ರಿಯಾಜನ ಕಡೆ ತಿರುಗಿದಳು. "ಬರಕೋರಿ ಅಣ್ಣಾ. ಅವತ್ತ ಅಡಿಗ್ಯಾವರ ಟೆಂಪೋ ಹಾದ್ಯಾಗ ಕೆಟ್ಟ ನಿಂತಿತ್ತು. ನಾವು ಜೈನರು, ಹೊತ್ತ ಮುಳುಗಿದ ಮ್ಯಾಲ ಉಣ್ಣಾಂಗಿಲ್ಲ. ಊರ ಮಂದಿ ಎಲ್ಲಾ ಕೂತಾರ, ಒಲಿ ತಣ್ಣಗ. ಪೂಜಾ ನೋಡಾಕ ಬಂದಿದ್ದ ಇವರು ಸೆರಗ ಕಟ್ಟಿ ನಿಂತರು ನೋಡ್ರಿ. ನಮ್ಮ ಮಗ್ಗದ ಮನಿ ಹೆಣ್ಮಕ್ಕಳನ್ನೆಲ್ಲಾ ಕರಸಿ ಒಬ್ಬೊಬ್ಬರಿಗೆ ಒಂದೊಂದ ಕೆಲಸ ಹಚ್ಚಿದರು. ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ, ಆದರೂ ಎಂಥಾ ಸಾರು! ಬಿಸಲ ಇರತಾನ ಕಡೇ ಪಂಕ್ತಿ ಎದ್ದಿತ್ತು."

ಪಹಣಿಗೆ ಕಾದು ಕೂತಿದ್ದ ಒಬ್ಬ ಮುದುಕಪ್ಪ "ಉಳದದ್ದೇನ ಮಾಡಿದರಿ?" ಅಂತ ವಿಚಾರಿಸಿದ. ಏನೂ ಉಳಿದಿರಲಿಲ್ಲ ಅಂದೆ. "ಅದನ್ನೂ ಬರೀ" ಅಂತ ಅವನು ರಿಯಾಜನಿಗೆ ಅಪ್ಪಣೆ ಕೊಟ್ಟ. ರಿಯಾಜ ಬರೆದ. ಒಂದೇ ಪುಟ. ಅದರಲ್ಲಿದ್ದ ಹೆಂಗಸಿನ ಗುರುತು ನನಗೆ ಹತ್ತಿತು.

ಕೊನೆಗೆ ನನ್ನ ಕೆಲಸ ಬಲ್ಲ ಇಬ್ಬರ ಹೆಸರು, ಫೋನು ಬೇಕಾಗಿತ್ತು. ಒಬ್ಬಳು ಕುಸುಮಕ್ಕ. "ಇನ್ನೊಂದು ನೀವು ಯಾರ ಕೈಯಾಗ ಕೆಲಸ ಮಾಡೀರಿ, ಅವರದು" ಅಂದ ರಿಯಾಜ. ಅಂಥವರು ಲೋಕದಲ್ಲಿ ಒಬ್ಬರೇ. ನನ್ನೊಳಗಿನ ತುಂಟತನ ಎದ್ದು ಕೂತಿತು. ಅತ್ತೆ ಅಂತಲೇ ಬರೆಸಿ ಅವರ ನಂಬರು ಕೊಟ್ಟೆ.

ಮನೆಗೆ ಬಂದ ಮೇಲೆ ಮಾಡಿದ್ದು ಹೆಚ್ಚಾಯಿತೇನೋ ಅನ್ನಿಸಿತು. ಅತ್ತೆಗೆ ಹೇಳಿಬಿಡಲೇ ಅಂತ ಎರಡು ಸಲ ಹತ್ತಿರ ಹೋಗಿ ಎಮ್ಮೆಯ ಮಾತಾಡಿ ವಾಪಸ್ಸು ಬಂದೆ. ಹೇಳುವ ಮೊದಲೇ ಒಂದು ಮಧ್ಯಾಹ್ನ, ಅವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಾಗ, ಫೋನು ಬಂತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಚ್ಚಿಯೇ ಮಾತಾಡುವವರು. ಆ ಕಡೆ ಕಾಲೇಜಿನ ಪ್ರಿನ್ಸಿಪಾಲ್ ಮೇಡಮ್. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ.

"ನಿಮ್ಮ ಸೊಸೆ ಕೆಲಸ ಹೇಗೆ ಮಾಡ್ತಾರಮ್ಮ?"

"ಹ್ಯಾಂಗಂದ್ರ? ಮಾತ ಭಾಳ. ಹಟಾ ಅದಕ್ಕಿಂತ ಭಾಳ. ಒಂದು ಕಾಳ ಚೆಲ್ಲಿದ್ರ ನನಗೂ ಬಿಡಾಂಗಿಲ್ಲ ಆಕಿ. ಯಾವ ಹೊತ್ತಿನಾಗ ಎಷ್ಟ ಮಂದಿ ಬಂದರೂ ನಿಂತ ಕಾಲ ಮ್ಯಾಲ ಉಣ್ಣಾಕ ಹಾಕತಾಳ, ಅದಕ್ಕ ಬಂದ ಬೀಗರು ಹೋಗೂದಿಲ್ಲ ನಮ್ಮನ್ಯಾಗ. ಯಾಕ ಕೇಳಾಕತ್ತೀರಿ?"

"ನಮ್ಮಲ್ಲಿ ನೌಕರಿಗೆ ಅರ್ಜಿ ಹಾಕಿದ್ದಾರೆ."

ಶೇಂಗಾ ಸುಲಿಯುವ ಸಪ್ಪಳ ನಿಂತಿತು.

"ನೌಕರಿ? ಬ್ಯಾಡ್ರಿ ಬಾಯಾರ! ಆಕಿನ್ನ ನಿಮಗ ಕೊಟ್ಟರ ನಮ್ಮ ಮನಿ ನಡಿಯೂದ ಹ್ಯಾಂಗ? ಬ್ಯಾರೆ ಯಾರನ್ನರ ನೋಡಕೋರಿ" ಅಂದು ಫೋನು ಇಟ್ಟೇಬಿಟ್ಟರು.

ನನಗೆ ಮೊದಲು ಸಿಟ್ಟು ನೆತ್ತಿಗೇರಿತು. ನೌಕರಿ ಹೋಯಿತು ಅಂತ ಪಾತ್ರೆ ಕುಕ್ಕಿದೆ. ಎರಡನೇ ಪಾತ್ರೆ ಕುಕ್ಕುವಾಗ ಕೈ ತಡೆಯಿತು. ಅತ್ತೆ ಈಗಷ್ಟೇ ಅಂದದ್ದೇನು? ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿಯಾರೆಂದು ಉಳ್ಳಾಗಡ್ಡಿ ಹೆಚ್ಚಲು ಕೂತೆ.

ಮರುವಾರ ಕಾಲೇಜಿನಿಂದ ಕರೆ ಬಂತು, ಹೋದೆ. ಪ್ರಿನ್ಸಿಪಾಲರು ನನ್ನ ಎದುರಿಗೇ ನಕ್ಕುಬಿಟ್ಟರು. "ಅರ್ಜಿ ಹಾಕಿದ ಎಲ್ಲರ ಬಗ್ಗೆಯೂ ವಿಚಾರಿಸಿದೆವು. ಒಳ್ಳೆಯವರು, ತೆಗೆದುಕೊಳ್ಳಿ ಅಂದರು ಎಲ್ಲರೂ. ಕೊಡುವುದಿಲ್ಲ ಅಂತ ಜಗಳ ತೆಗೆದವರು ನಿಮ್ಮ ಅತ್ತೆ ಒಬ್ಬರೇ. ಯಾವಾಗಿನಿಂದ ಬರ್ತೀರಿ?"

ಅತ್ತೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ನಮ್ಮವರಿಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಕೂತರು. ಆ ರೊಟ್ಟಿಗಳ ಆಕಾರದ ವಿಚಾರ ಬೇಡ.

ಈಗ ನೌಕರಿ ಹುಡುಕುವ ನಮ್ಮೂರ ಹೆಣ್ಣುಮಕ್ಕಳು ಯಾವ ಕಂಪನಿ ನಿಮ್ಮ ರೆಸ್ಯೂಮ್ ಬರೆಯಿತು ಅಂತ ಕೇಳಿಕೊಂಡು ಬರುತ್ತಾರೆ. ಬರೆಸಲು ರಿಯಾಜನ ಅಂಗಡಿಗೆ ಕಳಿಸುತ್ತೇನೆ, ಗದ್ದಲ ಇರುವ ಹೊತ್ತು ನೋಡಿ ಹೋಗಿರಿ ಅಂತಲೂ ಹೇಳುತ್ತೇನೆ. ಆದರೆ ಅವರ ಕಣ್ಣು ಇರುವುದು ಅತ್ತೆಯ ನಂಬರಿನ ಮೇಲೆ; ತಮ್ಮ ರೆಸ್ಯೂಮಿನ ಕೊನೆಗೂ ಅದೇ ಬೇಕಂತೆ. ಅತ್ತೆಯೂ ಈಚೆಗೆ ಈ ಕೆಲಸವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಬಂದ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಕೇಳುತ್ತಾರೆ:

"ಮೊದಲ ಹೇಳ ಬೇ, ನಿನ್ನ ಏನಂತ ಬೈಲಿ?"