ಉಡಿಗಾಲದ ಹನ್ನೆರಡನೇ ಕವಡೆ

ಉಡಿಗಾಲದ ಅಜ್ಜಿಯ ಕಾಲಿಗೆ ನಾನು ಅಡ್ಡಬಿದ್ದೆ ಎಂದು ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಈಗಲೂ ಹೇಳುತ್ತಾರಂತೆ. ಸುಳ್ಳು. ನಾನು ಬಗ್ಗಿದ್ದು ಕವಡೆ ಎಣಿಸಲು. ಆ ಕಥೆ ಹಬ್ಬಿಸಿದವನು ಮಾದೇವ: ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ನನ್ನ ಜೋಡಿ, ಹಾಸ್ಟೆಲಿನಲ್ಲಿ ನನ್ನ ರೂಮಿನವನು, ಆ ಅಜ್ಜಿಯ ಮೊಮ್ಮಗ.

ಕವಡೆ ಶಾಸ್ತ್ರವನ್ನು ನಾನು ಆಗ ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಂದೂ ತಿಳಿಯಬೇಡಿ. ಕಳೆದ ಹಸು ಯಾವ ದಿಕ್ಕಿಗೆ ಹೋಯಿತೆಂದು ಕೇಳಲು ಪುಣಜನೂರಿನಿಂದಲೂ ಜನ ಅಜ್ಜಿಯ ಹತ್ತಿರ ಬರುತ್ತಿದ್ದರು. ಮೊದಲ ಸಲ ಹೋದಾಗ ಅಜ್ಜಿಯೊಂದಿಗೇ ವಾದ ಹೂಡಿದೆ: ಇದು ಸಮುದ್ರದ ಒಂದು ಪುಟ್ಟ ಬಸವನಹುಳುವಿನ ಚಿಪ್ಪು, ಹುಳು ಎಂದೋ ಸತ್ತಿದೆ, ಖಾಲಿ ಚಿಪ್ಪಿಗೆ ಏನು ಗೊತ್ತು?

ಅಜ್ಜಿ ನಕ್ಕರು. "ಉಳ ಸತ್ರೇನ್ಲಾ ಮಗ, ಅದ್ರ ಮನೆ ಇಲ್ಲೇ ಅದಲ್ಲ. ಕಾಪಿ ಕುಡಿ, ಆಮೇಲೆ ಜಗಳ ಆಡುವಂತೆ ಬುಡು."

ಅವರು ಕಾಫಿಗೆ ಎದ್ದಾಗ ಹನ್ನೆರಡು ಕವಡೆಗಳಲ್ಲಿ ಒಂದನ್ನು ಕದ್ದೆ. ಮಬ್ಬುಗಣ್ಣಿನ ಅಜ್ಜಿ ಹನ್ನೊಂದರಲ್ಲೇ ಶಾಸ್ತ್ರ ಹೇಳುತ್ತಾ ಹೋದರೆ, ಅದನ್ನೇ ಮುಂದಿನ ಸ್ಪರ್ಧೆಯಲ್ಲಿ ಸಾಕ್ಷಿಯಾಗಿ ಒಡ್ಡುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಹಾಸ್ಟೆಲಿನಲ್ಲಿ ಕವಡೆಯ ಬೆನ್ನಿಗೆ ಕೈವಾರದ ಮೊನೆಯಿಂದ ಗೀರು ಎಳೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ವಿಷಯ ಗೊತ್ತಿದ್ದುದು ಮಾದೇವನಿಗೆ ಮಾತ್ರ.

ಮುಂದಿನ ಭಾನುವಾರ ಅದನ್ನು ಅಂಗಿಯ ಜೇಬಿಗೆ ಹಾಕಿ, ಗುಂಡಿ ಬಿಗಿದು ಮಾದೇವನೊಂದಿಗೆ ಉಡಿಗಾಲಕ್ಕೆ ಹೊರಟೆ. ನಡುಮಧ್ಯಾಹ್ನ, ಜಗಲಿಯ ತುಂಬ ಬಿಸಿಲು. ಅಜ್ಜಿ ಚೀಲದ ಗಂಟು ಬಿಚ್ಚುವಾಗಲೂ ಜೇಬು ಮುಟ್ಟಿ ನೋಡಿಕೊಂಡೆ. ಇತ್ತು. ಅವರು ಕವಡೆ ಚೆಲ್ಲಿದರು. ಬಗ್ಗಿ ಎಣಿಸಿದೆ. ಹನ್ನೆರಡು. ಒಂದರ ಬೆನ್ನ ಮೇಲೆ ನನ್ನದೇ ಗೀರು. ಜೇಬಿನ ಗುಂಡಿ ಹಾಕಿದಂತೆಯೇ ಇತ್ತು. ಒಳಗೆ ಏನೂ ಇರಲಿಲ್ಲ.

ಅಲ್ಲೇ ಮಾದೇವನ ಕೊರಳಪಟ್ಟಿ ಹಿಡಿದೆ. "ನೀನೇ ತಾನೆ ತೆಗೆದು ಹಾಕಿದ್ದು?"

"ಮಾದಪ್ಪನಾಣೆ ಕಣ್ಲಾ, ನಾ ಮುಟ್ನಿಲ್ಲ. ಕದ್ದೋನು ನೀನು, ಕಳ್ಳ ನಾನಾ?"

ಅಜ್ಜಿಗೆ ನನ್ನ ಕಳ್ಳತನ ತಿಳಿದದ್ದು ಆಗಲೇ. ಕವಡೆಗಳನ್ನು ಬಳಿದು ಗಂಟು ಕಟ್ಟಿದರು.

ಆ ಸ್ಪರ್ಧೆಗೆ ನಾವು ಹೋಗಲಿಲ್ಲ. ಅವನು ರೂಮು ಬದಲಿಸಿದ. ವಾರದೊಳಗೆ ಅಡ್ಡಬಿದ್ದ ಕಥೆ ಕಾಲೇಜು ತುಂಬಿತು. ಅಂಥ ಸುಳ್ಳು ಹೇಳಬಲ್ಲವನು ಇದನ್ನೂ ಮಾಡಿರಬಲ್ಲ ಎಂಬುದು ನನ್ನ ವಾದ. ಆದರೆ ಜೇಬು ಮುಟ್ಟಿದಾಗ ಬೆರಳಿಗೆ ಸಿಕ್ಕಿದ್ದೇನು? ಬರಿಯ ಗುಂಡಿಯೇ? ಅವನು ಕೂತದ್ದು ಜಗಲಿಯ ಆ ತುದಿಯಲ್ಲಿ. ಎಷ್ಟು ಸಲ ಮಂಡಿಸಿದರೂ ವಾದ ಅಲ್ಲೇ ಮುರಿಯುತ್ತದೆ.

ಮಾದೇವ, ನೀನು ಮೋಸ ಮಾಡಿದ್ದರೆ ನನಗೆ ಎಲ್ಲವೂ ಅರ್ಥವಾಗುತ್ತದೆ; ಕ್ಷಮಿಸಿಯೂ ಬಿಡುತ್ತೇನೆ. "ನಾನೇ" ಅಂತ ಒಂದು ಸಲ ಹೇಳಿಬಿಡಬಾರದೇನೋ?