ಮೂರಳತೆ ಮೇಷ್ಟ್ರು ಮತ್ತು ನನ್ನ ಹತ್ತು ಕಾರ್ಡುಗಳು

ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿಯಾದ ಬಯೊನೆಟ್ಟನ್ನು ಆಸೆಪಟ್ಟು ಕೂಡಿಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ಕೈಗೆತ್ತಿಕೊಂಡು, ಅದು ಯಾವ ಬಂದೂಕಿನ ಜೋಡಿ, ಯಾವ ಕಾರ್ಖಾನೆಯಲ್ಲಿ ಹದಗೊಂಡದ್ದು, ಯಾವ ಪಡೆಯ ಸಿಪಾಯಿಯ ಸೊಂಟದಲ್ಲಿ ತೂಗಿದ್ದು ಎಂದು ಹೇಳಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಎಣಿಸಲು ಕೂತರೆ ಮೊದಲು ಮಡಚಬೇಕಾದ ಬೆರಳು, ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಮ್ಮ ವಸ್ತುಸಂಗ್ರಹಾಲಯದ ಶಸ್ತ್ರವಿಭಾಗದಿಂದ ನಿವೃತ್ತರಾಗುತ್ತಿರುವ, ಹೊಸಬರಿಗೆಲ್ಲ ಕೈಹಿಡಿದು ಕೆಲಸ ಕಲಿಸಿದ, ನಾವೆಲ್ಲ ಪ್ರೀತಿಯಿಂದ 'ಮೂರಳತೆ ಮೇಷ್ಟ್ರು' ಎಂದು ಕರೆಯುವ ಹಿರಿಯರದು.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಸಂಪಾದಕನಾಗಿ ಇಪ್ಪತ್ತೆರಡು ಲೇಖನಗಳನ್ನು ಓದಿದ್ದೇನೆ. ಅವುಗಳಲ್ಲಿ ಹತ್ತೊಂಬತ್ತು ಲೇಖನಗಳು ಯಾವ ವಸ್ತುವನ್ನಾದರೂ ಮೂರು ಸಲ ಅಳೆದೇ ಬರೆಯುವ ಅವರ ಶಿಸ್ತನ್ನು ಬಾಯಿತುಂಬ ಹೊಗಳಿವೆ. ಆ ಶಿಸ್ತು ಅವರ ಹುಟ್ಟುಗುಣವಲ್ಲ. ನಾನು ಕೆಲಸಕ್ಕೆ ಸೇರಿದಾಗ ಅವರು ಒಂದೇ ಸಲ ಅಳೆಯುತ್ತಿದ್ದರು, ಮತ್ತು ಅದು ಸರಿಯಾಗಿರುತ್ತಿತ್ತು. ಒಂದು ಮೂರಾದದ್ದು ಹೇಗೆಂದು ನನ್ನೊಬ್ಬನಿಗೇ ಗೊತ್ತು. ಅಭಿನಂದನೆಯ ಪುಟಗಳಲ್ಲಿ ತಪ್ಪೊಪ್ಪಿಗೆ ಬರೆಯುವುದೆಂದರೆ ಊಟಕ್ಕೆ ಕರೆದ ಮನೆಯಲ್ಲಿ ಜಗಳ ತೆಗೆದಂತೆ ಎಂಬ ಅರಿವು ನನಗಿದೆ, ಆದರೂ ಬರೆಯುತ್ತಿದ್ದೇನೆ.

ಮೇಷ್ಟ್ರು ಸೇವೆಗೆ ಬಂದಾಗ ನಮ್ಮಲ್ಲಿದ್ದ ಬಯೊನೆಟ್ಟುಗಳನ್ನು ಸೌದೆಯಂತೆ ಹಗ್ಗದಲ್ಲಿ ಬಿಗಿದು ಮೆಟ್ಟಿಲಿನ ಕೆಳಗೆ ತುರುಕಿದ್ದರಂತೆ. 'ಹಳೆಯ ಕತ್ತಿಗಳು, ಎಷ್ಟೆಂದು ಗೊತ್ತಿಲ್ಲ' ಎಂಬುದಷ್ಟೇ ಆಗಿನ ದಾಖಲೆ. ಆ ಕಟ್ಟುಗಳನ್ನು ಬಿಚ್ಚಿ, ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಬಿಡಿಸಿ, ಹಿಡಿಯ ಮೇಲೆ ಸವೆದುಹೋದ ಅಂಕಿಗಳನ್ನು ಓರೆ ಬೆಳಕಿನಲ್ಲಿ ಓದಿ, ಬಂದೂಕಿನ ಮೂತಿ ತೂರುವ ಬಳೆಯ ಒಳವ್ಯಾಸವನ್ನು ಅಳೆದು ಜೋಡಿಯನ್ನು ನಿರ್ಧರಿಸಿ, ಒರೆ ತಪ್ಪಿದವಕ್ಕೆ ಒರೆ ಹುಡುಕಿ, ಮುನ್ನೂರ ಎಂಬತ್ತಾರು ಬಯೊನೆಟ್ಟುಗಳನ್ನು ಹನ್ನೊಂದು ಖಾನೆಗಳಲ್ಲಿ ಸಾಲಾಗಿ ಮಲಗಿಸಿದವರು ಅವರು. ಉತ್ತರದ ಕಿಟಕಿಯ ಬಳಿ, ಹಸಿರು ಉಣ್ಣೆಬಟ್ಟೆ ಹೊದಿಸಿದ ಉದ್ದನೆಯ ಮೇಜಿನ ಮುಂದೆ, ಎಣ್ಣೆಯ ವಾಸನೆಯ ನಡುವೆ ಅವರು ತಲೆಬಗ್ಗಿಸಿ ಕೂತಿರುವುದನ್ನು ಕಂಡ ಯಾರಿಗೂ ಅಲ್ಲಿರುವುದು ಕೊಲ್ಲುವ ಆಯುಧಗಳು ಎನಿಸುತ್ತಿರಲಿಲ್ಲ.

ನಾನು ಅವರ ಸಹಾಯಕನಾಗಿ ಸೇರಿದ್ದು ಇಪ್ಪತ್ತು ವರ್ಷಗಳ ಹಿಂದೆ, ಇಪ್ಪತ್ತಾರರ ಹರೆಯದಲ್ಲಿ, ಎಲ್ಲ ಬಲ್ಲೆನೆಂಬ ಧಿಮಾಕಿನೊಂದಿಗೆ. ಮೊದಲ ದಿನವೇ ಬರಿಗೈಯಲ್ಲಿ ಒಂದು ಅಲಗನ್ನು ಹಿಡಿದು ತಿರುಗಿಸಿ ಮೆರೆದೆ. ವಾರ ಕಳೆಯುವಷ್ಟರಲ್ಲಿ ನನ್ನ ಬೆವರಿದ ನಾಲ್ಕು ಬೆರಳುಗಳ ಗುರುತು ಆ ಹೊಳೆಯುವ ಉಕ್ಕಿನ ಮೇಲೆ ಕೆಂಪು ತುಕ್ಕಾಗಿ ಮೂಡಿತ್ತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನಪ್ಪಾ, ನೂರು ವರ್ಷದ ವಸ್ತು ಮೇಲೆ ಸಹಿ ಹಾಕ್ಬಿಟ್ಟಿದೀಯಲ್ಲ! ಕಾರ್ಖಾನೆಯವರೂ ಇಷ್ಟು ಚೆನ್ನಾಗಿ ಮುದ್ರೆ ಒತ್ತಿಲ್ಲ," ಎಂದು ನಕ್ಕು, ತಮ್ಮ ಹತ್ತಿಯ ಕೈಗವಸುಗಳನ್ನೇ ಬಿಚ್ಚಿ ನನಗೆ ಕೊಟ್ಟರು. ಮೇಲಿನವರಿಗೆ ಸುದ್ದಿ ಮುಟ್ಟಿಸಲಿಲ್ಲ. ನಾಲ್ಕು ದಿನ ಕೂತು ಅವರೇ ಆ ತುಕ್ಕನ್ನು ತೆಗೆದರು.

ಅದೇ ವರ್ಷ ಒಬ್ಬ ಹೆಣ್ಣುಮಗಳು ಬಟ್ಟೆಯಲ್ಲಿ ಸುತ್ತಿದ ಬಯೊನೆಟ್ಟನ್ನು ತಂದರು. ಬೀದಿ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ದರ್ಜಿ ಆಕೆ. ತೀರಿಕೊಂಡ ತಂದೆಯ ವಸ್ತುವನ್ನು ನಮಗೆ ಕೊಡಲು ಬಂದಿದ್ದರು. "ಅಪ್ಪ ದಂಡಿಂದ ಬಂದ್ಮೇಲೆ ತೋಟದ ಮಾಲಿ ಆದ್ರು ಸಾರ್. ಮೂವತ್ತು ವರ್ಷ ಇದರಲ್ಲೇ ಕಳೆ ಕಿತ್ತಿದಾರೆ. ಮೊಂಡಾದ್ರೆ ಮಸೆಯೋರು, ಮತ್ತೆ ಕೀಳೋರು," ಎಂದರು. ಮೇಷ್ಟ್ರು ಅಲಗನ್ನು ಅಳೆದರು, ಒಂದೇ ಸಲ: ಮೂವತ್ತೊಂಬತ್ತು ಸೆಂಟಿಮೀಟರ್. ಆ ಮಾದರಿಯ ಪೂರ್ಣ ಅಲಗು ನಲವತ್ತಮೂರು. "ನಾಲ್ಕು ಸೆಂಟಿಮೀಟರ್ ಎಲ್ಲಿ ಹೋಯ್ತು ಗೊತ್ತಾಯ್ತಲ್ಲಪ್ಪ? ಮಣ್ಣಿಗೆ ಹೋಯ್ತು. ನಮ್ಮ ಸಂಗ್ರಹದಲ್ಲೇ ಇದರಂಥದ್ದು ಇನ್ನೊಂದಿಲ್ಲ," ಎಂದು ನನಗೆ ಹೇಳಿ, ಆಕೆಯತ್ತ ತಿರುಗಿ, "ನಿಮ್ಮಪ್ಪಂದು ಪುಸ್ತಕದಲ್ಲಿ ಬರ್ತದಮ್ಮ. ಈ ಸವೆತದ ಕತೆ ಸಮೇತ ಬರ್ತದೆ," ಎಂದು ಮಾತು ಕೊಟ್ಟರು. ಸ್ವೀಕೃತಿ ಪುಸ್ತಕದಲ್ಲಿ ಮೂವತ್ತೊಂಬತ್ತು ಎಂದು ಬರೆದು ಬಯೊನೆಟ್ಟನ್ನು ಏಳನೆಯ ಖಾನೆಯಲ್ಲಿಟ್ಟರು.

ಎರಡು ವರ್ಷಗಳ ಬಳಿಕ ಆ ಪುಸ್ತಕ, ಎಂದರೆ ನಮ್ಮ ಸಂಗ್ರಹದ ವಿವರಣಾತ್ಮಕ ಸೂಚಿ, ಅಚ್ಚಿಗೆ ಸಿದ್ಧವಾಗುತ್ತಿತ್ತು. ಒಂದೊಂದು ಬಯೊನೆಟ್ಟಿಗೆ ಒಂದೊಂದು ಕಾರ್ಡು; ಆರನೆಯ ಖಾನೆಯವರೆಗೆ ನನ್ನ ಪಾಲು, ಏಳರಿಂದ ಹನ್ನೊಂದು ಅವರದು. ಆಗಲೇ ಮೇಷ್ಟ್ರ ಪತ್ನಿ ದೊಡ್ಡ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಮೇಷ್ಟ್ರು ಬೆಳಗ್ಗೆ ಎರಡು ಗಂಟೆ ಬಂದು ಕೆಲಸ ಮಾಡಿ, ಊಟವನ್ನೂ ಮಾಡದೆ ಆಸ್ಪತ್ರೆಗೆ ಓಡುತ್ತಿದ್ದರು. ಒಂದು ಮಧ್ಯಾಹ್ನ ಬೆರಳಚ್ಚುಗಾರರು ಬಂದು ಏಳನೆಯ ಖಾನೆಯ ಕಾರ್ಡುಗಳನ್ನು ಕೇಳಿದರು. ತೆಗೆದು ನೋಡಿದರೆ ಹತ್ತು ಕಾರ್ಡುಗಳಲ್ಲಿ ಅಲಗಿನ ಉದ್ದದ ಮತ್ತು ಷರಾದ ಜಾಗಗಳು ಖಾಲಿ. ಖಾನೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅಳತೆಪಟ್ಟಿ ಮೇಜಿನ ಮೇಲೇ ಇತ್ತು. ಹತ್ತನ್ನೂ ಅಳೆಯಲು ಮುಕ್ಕಾಲು ಗಂಟೆ ಸಾಕಿತ್ತು.

ನಾನು ಅಳೆಯಲಿಲ್ಲ. ಗೋಡೆಗೆ ಅಂಟಿಸಿದ್ದ ಮಾದರಿಗಳ ಮುದ್ರಿತ ಪಟ್ಟಿಯನ್ನು ನೋಡಿ, ಹತ್ತು ಕಾರ್ಡುಗಳಲ್ಲೂ ಅಂಕಿ ತುಂಬಿಸಿದೆ. ಅಕ್ಷರ ಬೇರೆಯಾಗಿ ಕಾಣದಿರಲೆಂದು ಮೇಷ್ಟ್ರ ದುಂಡನೆಯ ಅಂಕಿಗಳನ್ನು ಅನುಕರಿಸಿದೆ. ಷರಾದಲ್ಲಿ 'ಅಲಗು ಪೂರ್ಣವಾಗಿದೆ' ಎಂದೂ ಸೇರಿಸಿದೆ. ಕಾರಣ ದೊಡ್ಡದಿದ್ದರೆ ನಾಚಿಕೆ ಸ್ವಲ್ಪ ಚಿಕ್ಕದಾಗುತ್ತಿತ್ತೇನೋ. ಸಂಜೆಯ ಸಿನಿಮಾಕ್ಕೆ ಟಿಕೆಟ್ ತೆಗೆದಿದ್ದೆ, ಅಷ್ಟೇ. ಆ ಸಿನಿಮಾ ಚೆನ್ನಾಗಿಯೂ ಇರಲಿಲ್ಲ. ಪಾಪ, ಮೇಷ್ಟ್ರಿಗೆ ಸಹಾಯ ಮಾಡಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಚ್ಚಿನ ಕರಡು ತಿದ್ದಿದವನೂ ನಾನೇ.

ಪುಸ್ತಕ ಬಿಡುಗಡೆಯ ದಿನ ಮೇಷ್ಟ್ರು ದರ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಆಕೆ ಪುಟ ತಿರುವಿ ತಂದೆಯ ಬಯೊನೆಟ್ಟನ್ನು ಹುಡುಕಿ ಓದಿ, ಎದ್ದು ನಿಂತು, ಯಾವ ಕೊಂಕೂ ಇಲ್ಲದೆ ಕೇಳಿದರು: "ಸಾರ್, ನಮ್ಮಪ್ಪಂದು ಇಷ್ಟುದ್ದ ಇರ್ಲಿಲ್ವಲ್ಲ? ಪೂರ್ಣ ಅಂತ ಬೇರೆ ಹಾಕಿದೀರ." ಸಭೆ ನಕ್ಕಿತು. ಮುಖ್ಯ ಅತಿಥಿಗಳು ಹುರುಪಿನಿಂದ ಬಯೊನೆಟ್ಟನ್ನು ತರಿಸಿದರು. ಆಕೆ ಚೀಲದಿಂದ ಹೊಲಿಗೆಯ ಟೇಪು ತೆಗೆದು ವೇದಿಕೆಯ ಮೇಲೆಯೇ ಹಿಡಿದರು: ಮೂವತ್ತೊಂಬತ್ತು. "ಅಳತೆಯಲ್ಲಿ ವಿದ್ವಾಂಸರಿಗಿಂತ ದರ್ಜಿಯೇ ವಾಸಿ!" ಎಂದು ಅತಿಥಿಗಳು ಅಂದಾಗ ಚಪ್ಪಾಳೆ ಬಿತ್ತು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತು. ಆದರೆ ನನ್ನ ಕೈಯಲ್ಲಿ ಬಯೊನೆಟ್ಟಿನ ತಟ್ಟೆ ಇತ್ತು, ಅದನ್ನು ಹಿಡಿದು ಕಂಬದಂತೆ ನಿಂತೆ. ಮೇಷ್ಟ್ರು ನನ್ನತ್ತ ತಿರುಗಿಯೂ ನೋಡಲಿಲ್ಲ; ಅವರಿಗೆ ನನ್ನ ಮೇಲೆ ಸಂಶಯವೇ ಇರಲಿಲ್ಲ. "ಅದು ನನ್ನ ಖಾನೆ. ತಪ್ಪು ನಂದೇ ಅಮ್ಮ. ಕೊಟ್ಟ ಮಾತು ಉಳಿಸ್ಕೊಳ್ಳಲಿಲ್ಲ, ಕ್ಷಮಿಸಿ," ಎಂದು ಆಕೆಗೆ ಕೈಮುಗಿದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಗಾದೆಯನ್ನು ನಾನು ಅಂದು ಕಣ್ಣಾರೆ ಕಂಡೆ. ಜ್ವರದ ಎಮ್ಮೆ ನಾನೇ.

ಮಾರನೆಯ ವಾರ ಅಚ್ಚಾದ ಐನೂರು ಪ್ರತಿಗಳಲ್ಲೂ ಅವರು ತಮ್ಮ ಕೈಯಿಂದಲೇ ಆ ಅಂಕಿಯನ್ನು ಹೊಡೆದುಹಾಕಿ, ಮಾಲಿಯ ಕತೆಯನ್ನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ಪಕ್ಕದಲ್ಲಿ ಕೂತು ಒಂದೊಂದೇ ಪ್ರತಿಯ ಪುಟ ತೆರೆದು ಕೊಟ್ಟವನು ನಾನು. ಐನೂರು ಸಲ ಬಾಯಿ ತೆರೆಯಬಹುದಿತ್ತು.

ಅಂದಿನಿಂದ ಅವರು ಮೂರು ಸಲ ಅಳೆಯತೊಡಗಿದರು. ಏಕೆಂದು ಕೇಳಿದವರಿಗೆ ನಗುತ್ತಲೇ ಹೇಳುತ್ತಿದ್ದರು: "ಮೊದಲು ಮೂವತ್ತೊಂಬತ್ತು ಅಂತ ಅಳೆದೋನು ನಾನೇ, ಆಮೇಲೆ ನಲವತ್ತಮೂರು ಅಂದೋನೂ ನಾನೇ. ಎರಡು ಅಳತೆ ಜಗಳ ಆಡಿದ್ರೆ ನ್ಯಾಯ ಹೇಳೋಕೆ ಮೂರನೇದು ಬೇಕಲ್ಲಪ್ಪ!" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅವರು ಎರಡನೆಯ ಸಲ ಅಳೆದೇ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಬಯೊನೆಟ್ಟುಗಳನ್ನು ಗುರುತಿಸುವ ಬಗೆಯನ್ನು ಕುರಿತು ಅವರು ಹನ್ನೆರಡು ವರ್ಷಗಳಿಂದ ಬರೆಯುತ್ತಿದ್ದ, ಇನ್ನೇನು ಮುಗಿಯಲಿದ್ದ ಕೈಪಿಡಿಯನ್ನು ಮೊದಲ ಅಂಕಿಯಿಂದ ಮತ್ತೆ ಪರೀಕ್ಷಿಸಲು ಕೂತರು. ಅದು ಇಂದಿಗೂ ನಾಲ್ಕು ಪೆಟ್ಟಿಗೆಗಳಲ್ಲಿ ಹಾಗೇ ಇದೆ. ವಿಭಾಗದ ಮುಖ್ಯಸ್ಥರ ಹುದ್ದೆ ತೆರವಾದಾಗ, "ಕೈ ಮೇಲೆ ನಂಬಿಕೆ ಇಲ್ಲದೋನು ಕುರ್ಚಿ ಮೇಲೆ ಕೂತ್ಕೋಬಾರದು," ಎಂದು ಅರ್ಜಿ ಹಾಕದೆ, ನನ್ನ ಹೆಸರನ್ನು ಸೂಚಿಸಿ ಎರಡು ಪುಟ ಹೊಗಳಿ ಬರೆದರು. ಹನ್ನೊಂದು ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತಿರುವವನು ನಾನು.

ಕಳೆದ ತಿಂಗಳು ಈ ಸಂಪುಟಕ್ಕಾಗಿ ವಿವರ ಕೇಳಲು ಅವರ ಮನೆಗೆ ಹೋಗಿದ್ದೆ. ಕಾಯಿಲೆಯನ್ನು ಗೆದ್ದು ಬಂದು ಈಗ ಗಟ್ಟಿಮುಟ್ಟಾಗಿರುವ ಅಮ್ಮನವರು ಚಹಾ ಕೊಡುತ್ತ ಗಂಡನನ್ನು ಎಂದಿನಂತೆ ಗೇಲಿ ಮಾಡಿದರು. "ಕಿಟಕಿ ಪರದೆಗೂ ಮೂರು ಸಲ ಅಳೀತಾರಪ್ಪ ಇವ್ರು. ಅಂಗಡಿಯವನು ನಮ್ಮನ್ನ ಕಂಡ್ರೆ ಊಟಕ್ಕೆ ಎದ್ದುಹೋಗ್ತಾನೆ." ಮೇಷ್ಟ್ರು ನಗುತ್ತ ಒಳಗೆ ಹೋದರು. ಆಗ ಅಮ್ಮನವರು ದನಿ ತಗ್ಗಿಸಿ, "ನಗ್ತೀನಿ ಕಣಪ್ಪ, ಆದ್ರೆ ಒಳಗೆ ಸಂಕಟ ಆಗುತ್ತೆ. ನಾನು ಆಗ ಹಾಸಿಗೆ ಹಿಡೀದೇ ಇದ್ದಿದ್ರೆ ಇವ್ರ ಕೈ ತಪ್ತಾ ಇರ್ಲಿಲ್ಲ. ಪುಸ್ತಕ ಮುಗ್ಸಿರೋರು. ಎಲ್ಲಾ ನನ್ನಿಂದಲೇ ಹಾಳಾಯ್ತು," ಎಂದರು.

ಹದಿನೆಂಟು ವರ್ಷ ಆಕೆಯೂ ಇದನ್ನು ಹೊತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅಂದೂ ಹೇಳಲಾಗದೆ, ಹೇಡಿಯಂತೆ ಎದ್ದು ಬಂದೆ. ಮೊದಲು ಬರೆದಿದ್ದ ಹೊಗಳಿಕೆಯ ಲೇಖನವನ್ನು ಹರಿದುಹಾಕಿ ಇದನ್ನು ಬರೆದೆ.

ಇಲ್ಲಿಯವರೆಗಿನ ಕರಡನ್ನು ಮೊನ್ನೆ ಅವರ ಮನೆಗೆ ಹೋಗಿ ಮೇಷ್ಟ್ರ ಕೈಗೇ ಕೊಟ್ಟೆ. ಬಂದ ಕಾಗದವನ್ನೂ ಮೂರು ಸಲ ಓದುವವರು ಇದನ್ನು ಒಂದೇ ಸಲ ಓದಿದರು. ಹಾಳೆಗಳನ್ನು ಮೇಜಿನ ಮೇಲಿಟ್ಟು, ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಹದಿನೆಂಟು ವರ್ಷ ಆಯ್ತಲ್ಲೋ," ಎಂದರು. ಯಾವಾಗಲೂ ನನ್ನನ್ನು 'ಅಪ್ಪಾ' ಎನ್ನುತ್ತಿದ್ದವರು ಅವರು. ಕ್ಷಮಿಸಿದೆ ಎನ್ನಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಬಳಿಕ ಒಳಗಿನ ಕೋಣೆಯತ್ತ ತಿರುಗಿ ಕೂಗಿದರು: "ಕೇಳಿಸ್ತೇನೇ? ಅದು ನಿನ್ನ ಕಾಯಿಲೆಯಿಂದ ಆಗಿದ್ದಲ್ವಂತೆ ಕಣೇ. ಬಾ ಇಲ್ಲಿ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಬೆನ್ನ ಹಿಂದೆ ಅವರ ಮಾತು ಕೇಳಿಸಿತು. "ಇದನ್ನ ಹೀಗೇ ಅಚ್ಚು ಹಾಕ್ಸು. ಒಂದಕ್ಷರ ತೆಗೀಬೇಡ." ತೆಗೆದಿಲ್ಲ, ಆ ಭೇಟಿಯನ್ನಷ್ಟೇ ಸೇರಿಸಿದ್ದೇನೆ.

ಹಿರಿಯರಿಗೆ ಆಯುರಾರೋಗ್ಯವನ್ನು ಹಾರೈಸುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಹಾರೈಕೆ ಮಾತ್ರ ಮನಸಾರೆ ಮಾಡಿದ್ದು. ಮೇಷ್ಟ್ರು ಮತ್ತು ಅಮ್ಮನವರು ನೂರು ಕಾಲ ಚೆನ್ನಾಗಿ ಬಾಳಲಿ. ಉತ್ತರದ ಕಿಟಕಿಯ ಮೇಜು ನಿವೃತ್ತಿಯ ನಂತರವೂ ಅವರಿಗಾಗಿ ತೆರವಾಗಿಯೇ ಇರುತ್ತದೆ. ನಾಲ್ಕು ಪೆಟ್ಟಿಗೆಗಳ ಆ ಕೈಪಿಡಿ ಈಗಲಾದರೂ ಅಚ್ಚಿಗೆ ಹೋಗಲಿ. ಇನ್ನು ಒಂದೇ ಸಲ ಅಳೆಯಿರಿ ಸರ್. ನಿಮ್ಮ ಕೈ ಎಂದೂ ತಪ್ಪಿರಲಿಲ್ಲ.