ಬೊಕೆಗೊಂದು ಪದ್ಧತಿ

"ಇದು ಬ್ಯಾಡ್ರೀ. ಥೇಟ್ ಹೂಕೋಸ ಹಿಡ್ಕೊಂಡು ನಿಂತಂಗ ಕಾಣತೈತಿ."

ಸಾಂಬ್ರಾಣಿ ಎಂಬ ಊರಿನಲ್ಲಿರುವ ನನ್ನ ಅಕ್ಕ ಶಾಂತಕ್ಕನ ಮನೆಯ ಪಡಸಾಲೆಯಲ್ಲಿ ಮೊನ್ನೆ ಒಂದು ಗಂಭೀರ ಸಭೆ. ವಿಷಯ: ಅವಳ ಮಗಳು ಪೂಜಾ ತನ್ನ ಮದುವೆಯ ರಿಸೆಪ್ಶನ್‌ನಲ್ಲಿ ಯಾವ ನಮೂನೆಯ ಬೊಕೆ ಹಿಡಿಯಬೇಕು? ಹಳಿಯಾಳದಿಂದ ಬಂದಿದ್ದ ಡೆಕೋರೇಶನ್‌ನವರು ಮೊಬೈಲಿನಲ್ಲಿ ಫೋಟೊ ತೋರಿಸುತ್ತಿದ್ದರು. ಹೂಕೋಸು ಎಂದು ಸರ್ಟಿಫಿಕೇಟ್ ಕೊಟ್ಟವರು ಗಂಗಕ್ಕ. ಪೂಜಾಳ ಸೋದರತ್ತೆ. (ಆ ಮನೆತನದ ಸುಪ್ರೀಂ ಕೋರ್ಟ್ ಅಂದರೂ ಆದೀತು.)

ಗುಂಡಗಿನದು ಹೂಕೋಸಾಯಿತು. ಜೋತುಬೀಳುವಂಥದ್ದು? "ಇಳಕಲ್ ಸೀರಿ ಉಟ್ಟಿದ್ದು ಮುಚ್ಚಿಡಾಕೇನು?" ಉದ್ದ ದಂಟಿನದು? "ದನಕ್ಕ ಮೇವಿನ ಸೂಡು ಒಯ್ದಂಗ ಆಗತೈತಿ." ಬಿಳಿ ಗುಲಾಬಿ? "ಶುಭಕಾರ್ಯಕ್ಕ ಬಿಳೇದಾ?"

ಗಂಡು ನೋಡುವಾಗಲೂ ಇಷ್ಟು ಚರ್ಚೆಯಾಗಿರಲಿಲ್ಲ. (ಹುಡುಗ ಬೆಳಗಾವಿಯವನು. ಒಂದು ಪ್ಲೇಟ್ ಅವಲಕ್ಕಿ ಖಾಲಿಯಾಗುವಷ್ಟರಲ್ಲಿ ಪಾಸಾಗಿದ್ದ.)

ಕೊನೆಗೆ ಕೆಂಪು ಗುಲಾಬಿ, ಸುತ್ತ ಅಬ್ಬಲಿಗೆ ಹೂವಿನ ಅಂಚು ಎಂದು ತೀರ್ಮಾನವಾಯಿತು. ಎಲ್ಲರೂ ಉಸ್ಸೆಂದು ಚಹಾದ ಕಪ್ಪು ಎತ್ತಿಕೊಂಡರು. ಆಗ ಡೆಕೋರೇಶನ್‌ನವರು ಕೇಳಿದರು, "ಸ್ಟೇಜ್ ಮ್ಯಾಲೆ ಬೊಕೆ ಯಾರು ಕೊಡ್ತೀರಿ? ವಿಡಿಯೋದವರಿಗೆ ಹೇಳಬೇಕು."

"ಅವ್ವ ಕೊಡ್ತಾಳ" ಎಂದಳು ಪೂಜಾ.

ಎಲ್ಲರೂ ಗಂಗಕ್ಕನ ಮುಖ ನೋಡಿದರು.

ಶಾಂತಕ್ಕನ ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಮನೆಯ ಹೆಂಗಸರು ಮುಡಿಯುವ ಹೂವೆಲ್ಲ ಅವಳೇ ಬೆಳೆಸಿ, ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿದ್ದು. ಕಟ್ಟಬಹುದು. ಮುಡಿಯುವಂತಿಲ್ಲ, ಮುಡಿಸುವಂತಿಲ್ಲ. ಬೆಳಗಾದರೆ ವಚನದ ಹಾಡು ಹಚ್ಚುವ ಮನೆ ಅದು. ಹಾಡಿನ ಅರ್ಥ ಯಾರಿಗೆ ಬೇಕು?

"ಹಂಗ ಬರಂಗಿಲ್ಲವ್ವಾ," ಗಂಗಕ್ಕ ಕಪ್ಪು ಕೆಳಗಿಟ್ಟರು. "ಐದು ಮಂದಿ ಮುತ್ತೈದೇರು ಕೂಡಿ ಕೊಡಬೇಕು. ಪದ್ಧತಿ ಐತಿ."

ಪದ್ಧತಿ! ಬೊಕೆಗೆ! ನಮ್ಮ ಅಜ್ಜಿ ಬೊಕೆ ಕಂಡಿದ್ದಳೇ? ನನ್ನ ಮದುವೆಯಲ್ಲಿ ನನ್ನ ಕೈಯಲ್ಲಿದ್ದದ್ದು ಬರೀ ಬೆವರು.

"ಯಾರ ಪದ್ಧತಿರೀ ಗಂಗಕ್ಕಾ?" ಎಂದೆ.

"ನಮ್ಮ ಮನಿತನದ್ದು. ಮೊದಲಿಂದ ಬಂದೈತಿ."

ಮೊದಲಿಂದ ಎಂದರೆ ಆ ಚಹಾದ ಮೊದಲ ಗುಟುಕಿನಿಂದ ಇರಬೇಕು.

ಅಡುಗೆಮನೆಯಿಂದ ಶಾಂತಕ್ಕನ ದನಿ ಬಂತು. "ಅವರ ಕೊಡ್ಲಿ ಬಿಡು ಪೂಜಾ. ನನಗ ಕೆಲಸ ಭಾಳ ಅದಾವ."

ಮಗಳ ಮದುವೆಯಲ್ಲಿ ಸ್ಟೇಜ್ ಹತ್ತಲು ಪುರಸೊತ್ತಿಲ್ಲದಷ್ಟು ಕೆಲಸ! ನನಗೆ ಸಿಟ್ಟು ಬಂತು. ಗಂಗಕ್ಕನ ಮೇಲಷ್ಟೇ ಅಲ್ಲ, ಅಕ್ಕನ ಮೇಲೂ. ಪೂಜಾ ಮಾತ್ರ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಅವ್ವನಿದ್ದಲ್ಲಿಗೆ ಎದ್ದುಹೋದಳು.

ರಿಸೆಪ್ಶನ್ ದಿನ ಬಂತು. ಐದು ಮುತ್ತೈದೆಯರು ಸಾಲಾಗಿ ಸ್ಟೇಜ್ ಹತ್ತಿದರು. ಒಂದು ಬೊಕೆ, ಹತ್ತು ಕೈ. (ಎಲೆಕ್ಷನ್ ಗೆದ್ದವರಿಗೆ ಹಾರ ಹಾಕುವಾಗ ನೋಡಿದ್ದೀರಲ್ಲ? ಹಾರಕ್ಕೆ ಒಂದು ಬೆರಳಾದರೂ ತಾಗಿರಬೇಕು, ಕಣ್ಣು ಕ್ಯಾಮೆರಾದ ಮೇಲಿರಬೇಕು.) ಪೂಜಾ ನಗುತ್ತಲೇ ಇಸಿದುಕೊಂಡಳು. ಹಾಗೇ ಸ್ಟೇಜ್ ಇಳಿದಳು.

"ಮೇಡಂ, ಎಲ್ಲಿಗ್ರೀ?" ಎಂದು ವಿಡಿಯೋದವನು ಹಿಂದೆ ಓಡಿದ.

ಊಟದ ಹಾಲ್‌ನ ಬಾಗಿಲಲ್ಲಿ ನಿಂತಿದ್ದ ಶಾಂತಕ್ಕನ ಕೈಗೆ ಬೊಕೆ ಇಟ್ಟ ಪೂಜಾ, ತನ್ನ ಎರಡೂ ಕೈ ಚಾಚಿದಳು.

"ಈಗ ನೀ ಕೊಡು, ಅವ್ವಾ."

ಶಾಂತಕ್ಕ ಅತ್ತಿತ್ತ ನೋಡಿದಳು. ಆದರೂ ಕೊಟ್ಟಳು. ನನಗೆ ಅಳು ಬಂತು, ಮುಚ್ಚಿಡುವುದೇನು?

ನನ್ನ ಪಕ್ಕದಲ್ಲೇ ಗಂಗಕ್ಕ. ಅವರ ಪಕ್ಕದಲ್ಲಿ ಬೆಳಗಾವಿಯ ಬೀಗತಿ. ಇನ್ನೇನು ಮಹಾಯುದ್ಧ ಎಂದುಕೊಂಡೆ. ಅಷ್ಟರಲ್ಲಿ ಬೀಗತಿಯೇ ಕಣ್ಣೊರೆಸಿಕೊಂಡು, "ಭಾಳ ಚಲೋ ಪದ್ಧತಿರಿ ನಿಮ್ಮದು. ನಮ್ಮ ಕಡೆ ಹಿಂಗ ಇಲ್ಲ ನೋಡ್ರಿ" ಎಂದರು.

ಗಂಗಕ್ಕ ರೆಪ್ಪೆ ಕೂಡ ಬಡಿಯಲಿಲ್ಲ.

"ಹೂಂ ಮತ್ತ! ಮುತ್ತೈದೇರು ತಾಯಿ ಕೈಗೆ ಕೊಡಬೇಕು, ತಾಯಿ ಮಗಳ ಕೈಗೆ. ಮೊದಲಿಂದ ಹಂಗ ಬಂದೈತ್ರಿ."

ಇನ್ನು ಆ ಮನೆತನದ ಮದುವೆಗಳಲ್ಲೆಲ್ಲ ಇದೇ ನಡೆಯುತ್ತದೆ. ತಪ್ಪಿಸಿದವರಿಗೆ ಗಂಗಕ್ಕನೇ ಬೈಯುತ್ತಾರೆ. ಬಹಳ ಸಂತೋಷ. ಆದರೆ ಶಾಂತಕ್ಕನನ್ನು ಇಷ್ಟು ವರ್ಷ ಅಡುಗೆಮನೆಯಲ್ಲೇ ನಿಲ್ಲಿಸಿದ ಪದ್ಧತಿ ಇದೆಯಲ್ಲ, ಅದನ್ನು ಯಾವ ಗಂಗಕ್ಕ ಎಷ್ಟು ನಿಮಿಷದಲ್ಲಿ ಹುಟ್ಟಿಸಿದ್ದಳು?